'ಟೀಚರ್' ಅಂದರೆ ಇಬ್ಬರು

'ನನ್ನ ದನಿ ಕೇಳಿದರೆ ಅವನಿಗೆ ನಿರಾಸೆಯಾಗುತ್ತದೇನೋ...' ಬೆಳಿಗ್ಗೆ ಡೈರಿಯಲ್ಲಿ ಹೀಗೆ ಬರೆದು, ನಾಚಿ, ತಾನೇ ಹೊಡೆದುಹಾಕಿದ್ದಳು.

ಮಧ್ಯಾಹ್ನ ಅವನೇ ಎದುರಿಗೆ ಬಂದು ನಿಂತ!

ಕಂಪ್ಯೂಟರಿನಲ್ಲಿ ಪಾಠ ಹೇಳುವ ಆ ಕೇಂದ್ರ ಶುರುವಾಗಿ ಆರೇ ತಿಂಗಳು. ತೆರೆಯ ಮೇಲೆ ಮುಖವಿಲ್ಲ, ದನಿಯಿಲ್ಲ, ಬರೀ ಅಕ್ಷರ. ಉತ್ತರ ಬರೆಯುವವರು ಇಬ್ಬರು, ತಲೆ ನರೆತ ದೊಡ್ಡ ಮೇಡಂ ಮತ್ತು ಇವಳು; ಗಣಿತ ಇವಳ ಪಾಲು. ಕೇಂದ್ರಕ್ಕೆ ಕೊಟ್ಟಿದ್ದು ಮಾತ್ರ ಒಂದೇ ಲಾಗಿನ್. ಯಾರು ಬರೆದರೂ ಮೇಲೆ ಮೂಡುವುದು 'ಟೀಚರ್' ಅಂತಲೇ.

"ಕ್ಲಾಸಲ್ಲಿ 'ಗಡಿಯಾರ' ಅಂತ ಇರೋನು ನಾನೇ. ರಿಪೇರಿ ಅಂಗಡಿ ಇದೆ. ಗಣಿತದ ಕ್ಲಾಸಿಂದ ನನ್ನ ಹೆಸರು ತೆಗೀರಿ."

"ಯಾಕಪ್ಪಾ?" ಎಂದು ಕೇಳಿದ್ದು ಪಕ್ಕದಲ್ಲಿದ್ದ ಮೇಡಂ.

"ನಾಲ್ಕು ತಿಂಗಳು ಎಷ್ಟು ತಾಳ್ಮೆಯಿಂದ ಹೇಳಿಕೊಟ್ರಿ! ಮೊನ್ನೆ ನೋಡಿದ್ರೆ, 'ಇಷ್ಟೂ ಗೊತ್ತಿಲ್ಲದವರು ಅಂಗಡಿ ನೋಡಿಕೊಳ್ಳಿ' ಅಂದ್ರಲ್ಲ... ಸಾಕು ಅನ್ನಿಸ್ತು."

ಮೊನ್ನೆ! ಜ್ವರ ಬಂದು ಇವಳು ರಜೆ ಹಾಕಿದ್ದ ದಿನ.

"ಅವತ್ತು ನಲವತ್ತು ಪ್ರಶ್ನೆ ಕಣಪ್ಪಾ, ತಲೆ ಕೆಟ್ಟು ಬರೆದೆ. ಇರು, ಅರ್ಜಿ ತರ್ತೀನಿ," ಎನ್ನುತ್ತಾ ಮೇಡಂ ಒಳಗೆ ಹೋದರು.

ಅವನು ಹೋಗಿಬಿಟ್ಟರೆ...? ಇವಳೊಂದು ಚೀಟಿ ಬರೆದು ಮೇಜಿನ ಮೇಲೆ ಸರಿಸಿದಳು. 'ಆ ಉತ್ತರ ನನ್ನದಲ್ಲ. ಉಳಿದದ್ದೆಲ್ಲ ನನ್ನದು.'

ಅವನು ಎರಡು ಸಲ ಓದಿದ.

"ಭಿನ್ನರಾಶಿಗೆ ಗಡಿಯಾರದ ಹಲ್ಲುಚಕ್ರದ ಉದಾಹರಣೆ ಕೊಟ್ಟಿದ್ದು?"

ತಲೆಯಾಡಿಸಿದಳು.

"ನಾನು ಮೊದಲ ಟೆಸ್ಟ್ ಪಾಸಾದಾಗ ಮೂರು ಸಲ ಶಹಬ್ಬಾಸ್ ಅಂದಿದ್ದು?"

ಮತ್ತೆ ತಲೆಯಾಡಿಸಿದಳು. ಕೆನ್ನೆ ಕೆಂಪಾಯಿತು.

"ಅಬ್ಬಾ!" ಅವನು ಕುರ್ಚಿಯಲ್ಲಿ ಕುಸಿದೇಬಿಟ್ಟ. "ಬಾಗಿಲಲ್ಲಿ ಮೇಡಂನ ನೋಡಿ ಎದೆ ಧಸಕ್ ಅಂದಿತ್ತು ಕಣ್ರೀ! ನಾಲ್ಕು ತಿಂಗಳಿಂದ ನಿದ್ದೆಗೆಟ್ಟು ನೆನೆಸ್ಕೊಂಡಿದ್ದು ಇವರನ್ನೇನಾ ಅಂತ!"

ಅವಳಿಗೆ ನಗು ತಡೆಯಲಾಗಲಿಲ್ಲ. ಎದೆಯ ಮೇಲಿನ ಕಲ್ಲೊಂದು ಉರುಳಿಹೋದ ಹಾಗೆ!

"ಏನೇ ಅದು? ನಮ್ಮ ಮೌನಗೌರಿ ನಗೋದಾ!" ಒಳಗಿನಿಂದ ಮೇಡಂ ಕೂಗಿದರು. "ಅರ್ಜಿ ಸಿಕ್ತು, ಬಂದೆ!"

"ತುಂಬಲಾ, ಬೇಡ್ವಾ?" ಅವನು ಮೆಲ್ಲಗೆ ಕೇಳಿದ.

ಅವಳ ಕೈ ಪೆನ್ನಿನ ಕಡೆ ಹೋಯಿತು. ಅವನು ಅದನ್ನು ಆಚೆ ಸರಿಸಿದ.

"ಊಹೂಂ... ಬಾಯಲ್ಲೇ ಹೇಳಿ."

ಮೇಡಂ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. ಅವಳು ಕಣ್ಣೆತ್ತಿದಳು.

"ಹೋಗ್ಬೇಡಿ... ದಿನಾ ಸಂಜೆ ನಾನು ಕಾಯೋದು ನಿಮ್ಮೊಬ್ಬರ ಪ್ರಶ್ನೆಗೆ."