ಪಾಲಿಶ್ ಕೋಣೆಯ ಗುಟ್ಟು

"ರೀ! ಮುಖ ತೆಗೀರಿ ಅಲ್ಲಿಂದ!"

ಅವಳು ಬೆಚ್ಚಿಬಿದ್ದಳು. ಹೊಸದಾಗಿ ಪಾಲಿಶ್ ಮಾಡಿದ ಮೇಜಿಗೆ ಕೆನ್ನೆ ತಾಗಿಸಿ ನುಣುಪು ನೋಡುತ್ತಿದ್ದಳು. ಬಾಗಿಲಲ್ಲಿ, ಗಾಳಿ ಅಳೆಯುವ ಯಂತ್ರ ಹಿಡಿದ ಸರ್ಕಾರಿ ತನಿಖಾಧಿಕಾರಿ!

"ಥಿನ್ನರ್ ಘಾಟು ತಲೆಗೇರ್ತಿದೆ. ಬೆರಳಲ್ಲಿ ಮುಟ್ಟಿ ನೋಡಬಾರದಾ?"

"ನಮ್ಮ ಕೆಲಸ ನಮಗೆ ಗೊತ್ತು!" ಅವಳು ಮೂತಿ ತಿರುವಿದಳು.

ಬೆರಳು... ಎರಡು ತಿಂಗಳಿಂದ ಅವಕ್ಕೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಈ ಪೀಠೋಪಕರಣ ಕಾರ್ಖಾನೆ ಅವಳನ್ನು ಸಾಕಿದ ಚಿಕ್ಕಪ್ಪನದು. ಹೇಳಿದರೆ ಕೆಲಸ ಬಿಡಿಸುತ್ತಾರೆ. ಆ ಕೆಲಸವೇ ಅವಳ ಜೀವ!

ಅಳತೆಗೆಂದು ಅವನು ಮತ್ತೆ ಮತ್ತೆ ಬಂದ. ಕೆಲಸಗಾರರು 'ಗಾಳಿ ಸಾಹೇಬ' ಎಂದು ಹೆಸರಿಟ್ಟು ನಕ್ಕರು. ಇವಳಿಗೋ, ಅವನ ಬೂಟಿನ ಸದ್ದಿಗೇ ಎದೆ ಢವಢವ! ಒಂದು ದಿನ ಅವನೊಬ್ಬನಿಗೆ ಬೆರಳಿನ ವಿಷಯ ಹೇಳಿಬಿಟ್ಟಳು. ಅವನ ಒತ್ತಾಯಕ್ಕೆ ನರರೋಗದ ಡಾಕ್ಟರ್ ಬಳಿ ಹೋದಳು.

"ಮಲ್ಟಿಪಲ್ ಸ್ಕ್ಲೆರೋಸಿಸ್," ಎಂದರು ಡಾಕ್ಟರ್. "ನರಗಳ ಮೇಲಿನ ಹೊದಿಕೆ ಹಾಳಾಗೋ ಕಾಯಿಲೆ."

"ಥಿನ್ನರಿಂದ ಬಂತಾ?"

"ಅದರಿಂದಲೇ ಅಂತ ಹೇಳೋಕಾಗಲ್ಲಮ್ಮ. ಅಪಾಯ ಹೆಚ್ಚಿಸಿರಬಹುದು. ಬೇಗ ಬಂದಿದ್ದೀರಿ, ಔಷಧಿ ಇದೆ. ಆ ಘಾಟಿನಿಂದ ಮಾತ್ರ ದೂರ ಇರಿ."

ಮರುದಿನ ಪಾಲಿಶ್ ಕೋಣೆಗೆ ಬೀಗ! "ನೀನು ಸ್ವಲ್ಪ ದಿನ ಮನೇಲಿರು," ಎಂದರು ಚಿಕ್ಕಪ್ಪ.

ಅಂದರೆ ಅವನು ಬಾಯಿ ಬಿಟ್ಟ! ನಂಬಿದ್ದೆನಲ್ಲ...

"ಇನ್ನು ನನಗೆ ಮುಖ ತೋರಿಸಬೇಡಿ!" ಅವನು ಉತ್ತರಿಸುವ ಮೊದಲೇ ಅವಳು ಫೋನ್ ಇಟ್ಟಳು.

ಹತ್ತು ದಿನ ಸರಿಯಾಗಿ ಊಟ ಸೇರಲಿಲ್ಲ. ಕೊನೆಗೆ ಚಿಕ್ಕಪ್ಪನ ಮೇಲೇ ರೇಗಿದಳು. "ಆ ಚಾಡಿಕೋರನ ಮಾತು ಕೇಳಿ ನನ್ನ ಕೆಲಸ ಕಿತ್ಕೊಂಡ್ರಿ!"

"ಅವನು ಒಂದು ಮಾತೂ ಹೇಳಿಲ್ಲ, ಪುಟ್ಟಿ. ಅವನ ವರದಿಯಲ್ಲಿ ಇರೋದು ಕೋಣೆಯ ಗಾಳಿ ವಿಷಯ ಅಷ್ಟೇ. ನೀನು ಬೆರಳು ಬಿಟ್ಟು ಕೆನ್ನೆಯಿಂದ ಮೇಜು ನೋಡೋದು ನನ್ನ ಕಣ್ಣಿಗೆ ಬೀಳಲ್ವಾ? ಎತ್ತಿ ಆಡಿಸಿದವನು ನಾನು! ಹಸಿ ಪಾಲಿಶ್ ಮೇಲೆ ಧೂಳು ಕೂರುತ್ತೆ ಅಂತ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿದವನೂ ನಾನೇ..."

"ಹೊಳಪು ಕೆಡುತ್ತೆ ಅಂತ ಹಟ ಮಾಡಿದ್ದು ನಾನಲ್ವಾ ಚಿಕ್ಕಪ್ಪ!"

ಇಬ್ಬರೂ ಅತ್ತರು.

"ಘಾಟು ಹೊರಗೆಳೆಯೋ ಯಂತ್ರ ತರಿಸ್ತಿದ್ದೀನಿ," ಎಂದರು ಚಿಕ್ಕಪ್ಪ ಮೂಗು ಒರೆಸಿಕೊಳ್ಳುತ್ತ. "ನೀನು ಇನ್ಮೇಲೆ ಮರ ಆರಿಸು. ನಿನ್ನಂಥ ಕಣ್ಣು ಯಾರಿಗಿದೆ?"

ಅಂದು ಸಂಜೆಯೇ ಅವಳು ಅವನ ಆಫೀಸಿನ ಮೆಟ್ಟಿಲ ಬಳಿ ಕಾದು ನಿಂತಳು.

"ತಪ್ಪಾಯ್ತು," ಎಂದಳು. "ನಿಮ್ಮ ಮಾತೂ ಕೇಳಲಿಲ್ಲ ನಾನು."

"ಹತ್ತು ದಿನ ಫೋನ್ ನೋಡಿ ನೋಡಿ ಕಣ್ಣು ಬಿದ್ದುಹೋಯ್ತು ನಂಗೆ!"

ಅವಳು ಕಣ್ಣೊರೆಸಿಕೊಂಡಳು. "ಡಾಕ್ಟರ್ ಏನಂದ್ರು ಗೊತ್ತಾ? ಮುಂದೆ ನಡೆಯೋಕೆ ಕಷ್ಟ ಆದರೂ ಆಗಬಹುದು."

"ನಿಧಾನಕ್ಕೆ ಹೋಗೋಣ. ನಂಗೇನು ಅವಸರ?"

"ಕರುಣೆ ತೋರಿಸ್ತಿದ್ದೀರಾ?"

"ಕರುಣೆ ಆಗಿದ್ರೆ ಹಣ್ಣು ಕೊಟ್ಟು, ಹುಷಾರು ಅಂತ ಹೇಳಿ ಹೋಗ್ತಿದ್ದೆ. ಇದು ಪ್ರೀತಿ ಕಣ್ರೀ... ಬೈಸಿಕೊಂಡರೂ ಹೋಗಲ್ಲ!"

ಅಳುತ್ತಲೇ ಅವಳಿಗೆ ನಗು ಬಂತು. "ನನಗೆ ಕೋಪ ಜಾಸ್ತಿ. ದಿನಾ ಬೈದರೆ?"

"ಬೈರಿ. ಮಾತು ಮಾತ್ರ ಬಿಡಬೇಡಿ."