ಫೋನಿನಲ್ಲಿದ್ದ ಉಸಿರು

“ನಿನ್ನೆ ಸಂಜೆ ನೀವು ಫೋನಲ್ಲಿ ಜೊತೆಗಿಲ್ದೇ ಇದ್ದಿದ್ರೆ ಸಿಗರೇಟು ಹಚ್ಚೇಬಿಡ್ತಿದ್ದೆ ಮೇಡಂ,” ಎಂದ ದರ್ಜಿ.

ಬೇಕರಿಯಾಕೆ ಬ್ರೆಡ್ಡು ಕೊಯ್ಯುವುದನ್ನು ನಿಲ್ಲಿಸಿದಳು. “ನಾನಾ? ನನ್ನ ಫೋನು ಮೊನ್ನೆಯಿಂದ ರಿಪೇರಿ ಅಂಗಡೀಲಿದೆ, ಸೂಜಿರಾಯ್ರೇ.”

ಇಬ್ಬರ ಪರಿಚಯವಾದದ್ದು ಎಚ್‌ಐವಿ ಕ್ಲಿನಿಕ್ಕಿನ ಬೆಂಚಿನ ಮೇಲೆ. ಇಬ್ಬರ ಮೈಯಲ್ಲೂ ಅದೇ ವೈರಸ್ಸು. ದಿನವೂ ತಪ್ಪದೆ ನುಂಗುವ ಮಾತ್ರೆಗೆ ಹೆದರಿ ಅದು ತೆಪ್ಪಗೆ ಬಿದ್ದಿತ್ತು. “ವೈರಸ್ಸನ್ನ ಮಾತ್ರೆ ನೋಡ್ಕೊಳ್ಳುತ್ತೆ. ಈ ಹೊಗೆ ಮಾತ್ರ ನಿಮ್ಮನ್ನ ಉಳಿಸಲ್ಲ,” ಎಂದಿದ್ದರು ಡಾಕ್ಟರಮ್ಮ. ಬಿಡುವುದು ಸುಲಭವೇ? ಎದೆ ಡವಗುಟ್ಟಿದಾಗಲೆಲ್ಲ ದರ್ಜಿಯ ಕೈ ಜೇಬಿಗೆ ಹೋಗುತ್ತಿತ್ತು. ಅದಕ್ಕೇ ಕ್ಲಿನಿಕ್ಕಿನವರು ಸಿಗರೇಟು ಬಿಡುವವರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿದ್ದರು; ಇವರಿಬ್ಬರದು ಒಂದು ಜೋಡಿ. ಆಸೆ ಕೆರಳಿದಾಗ ಜೋಡಿಗೆ ಫೋನ್ ಮಾಡಬೇಕು. ಮಾತು ಬೇಡ, ತಳಮಳ ಇಳಿಯುವವರೆಗೆ ಇಬ್ಬರೂ ಒಟ್ಟಿಗೆ ಉಸಿರಾಡಬೇಕು.

ಇಬ್ಬರೂ ರಿಪೇರಿ ಅಂಗಡಿಗೆ ಹೋಗಿ ನೋಡಿದರೆ ಅವಳ ಫೋನು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಬ್ಯಾಟರಿ ಒಂದು ಕಡೆ, ಸಿಮ್ಮು ಇನ್ನೊಂದು ಕಡೆ.

ದರ್ಜಿ ಆ ಸಿಮ್ಮನ್ನು ಕೈಗೆತ್ತಿಕೊಂಡು ನೋಡಿದ. “ಹಾಗಾದ್ರೆ ನಂಗೆ ತಲೆ ಕೆಟ್ಟೋಯ್ತಾ? ಕಾಯಿಲೆ ಗೊತ್ತಾದಾಗಿನ ಆ ಕತ್ತಲೆ ಮತ್ತೆ ಶುರುವಾಯ್ತಾ?” ಕಾಲು ತಾನಾಗಿ ಪಕ್ಕದ ಗೂಡಂಗಡಿಯತ್ತ ತಿರುಗಿತು. “ಒಂದೇ ಒಂದು ಸಿಗರೇಟು...”

ಅವಳು ತೋಳು ಹಿಡಿದಳು. “ನಿಂತ್ಕೊಳ್ಳಿ. ನಿನ್ನೆ ಸಂಜೆ ನಾನು ಅಂಗಡೀನೇ ತೆಗೀಲಿಲ್ಲ. ಯಾಕಾದ್ರೂ ಬದುಕಿದೀನೋ ಅಂತ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಕಿವಿ ಹತ್ರ ಯಾರೋ ಉಸಿರಾಡಿದ್ರು. ಕೊನೇಲಿ ಸಣ್ಣಗೆ ಸಿಳ್ಳೆ ಬರೋ ಉಸಿರು.” ಓರೆಗಣ್ಣಲ್ಲಿ ಅವನನ್ನು ನೋಡಿದಳು. “ಅಂಥ ಹಾಳು ಸಿಳ್ಳೆ ಇನ್ಯಾರದ್ದಿರುತ್ತೆ ರೀ?”

“ಹೆದರ್ಲಿಲ್ವಾ?”

“ಹೆದರ್ದೆ. ಆದ್ರೂ ‘ಹೋಗ್ಬೇಡ’ ಅಂದೆ.” ಅವಳ ಕೆನ್ನೆ ಕೆಂಪಾಯಿತು. “ಏಕವಚನದಲ್ಲೇ.”

“ಹೋಗಲ್ಲ,” ಎಂದ ದರ್ಜಿ. ಗೂಡಂಗಡಿಗೆ ಬೆನ್ನು ಹಾಕಿ, “ಒಂದೇ ಮನೇಲಿದ್ರೆ ಫೋನಿನ ಖರ್ಚೂ ಉಳಿಯುತ್ತೆ.”

“ಮದುವೆ ಅನ್ನೋಕೆ ಇಷ್ಟು ಸುತ್ತಿ ಬರ್ಬೇಕಾ? ಮೊದ್ಲು ಕೂತ್ಕೋ, ಉಸಿರಾಡೋಣ.”

ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು, ಕೈ ಹಿಡಿದು, ಉಸಿರೆಳೆದರು, ಬಿಟ್ಟರು. ತಳಮಳ ನಿಧಾನವಾಗಿ ಇಳಿಯಿತು. ಕೊನೆಗೆ ಒಮ್ಮೆ ಇಬ್ಬರಿಗೂ ನಗು ಬಂದು, ಉಸಿರು ಬಿಟ್ಟವರು ಮತ್ತೆ ಎಳೆಯದೆ ಹಾಗೇ ತಡೆದು ಕೂತರು.

ಆ ಮೌನದಲ್ಲಿ, ಇಬ್ಬರ ನಡುವಿನಿಂದ, ಇನ್ಯಾರೋ ಮೆಲ್ಲಗೆ ಉಸಿರೆಳೆದುಕೊಂಡ ಸದ್ದಾಯಿತು.

“ಕೇಳಿಸ್ತಾ?”

“ಹೂಂ. ನಿನ್ನೆ ಫೋನಲ್ಲಿದ್ದದ್ದೂ ಇದೇ.”

ಅವಳು ಆ ಉಸಿರಿಗೆ ಕೈ ಮುಗಿಯಲು ಹೋದಳು. ಒಂದು ಕೈ ಅವನ ಹಿಡಿತದಲ್ಲಿತ್ತು. ಬಿಡಿಸಿಕೊಳ್ಳಲಿಲ್ಲ; ಅವನ ಇನ್ನೊಂದು ಕೈಗೆ ತನ್ನ ಇನ್ನೊಂದು ಕೈ ಜೋಡಿಸಿ, ಕಣ್ಣು ಮುಚ್ಚಿದಳು.