ಕುಣಿಗಲ್ ರೋಲು ಕದ್ದವರು

ಬೀಗ ಒಡೆದಿರಲಿಲ್ಲ. ಗಾಜು ಚೂರಾಗಿರಲಿಲ್ಲ. ಕ್ಯಾಮೆರಾ ಇತ್ತು, ಫ್ಲ್ಯಾಶ್ ಇತ್ತು, ಗಿರಾಕಿಗಳು ತಲೆ ಬಾಚಿಕೊಳ್ಳಲೆಂದು ಕನ್ನಡಿಯ ಪಕ್ಕ ಇಟ್ಟಿದ್ದ ಬಾಚಣಿಗೆಯೂ ಇತ್ತು. ಇಲ್ಲದ್ದು ಒಂದೇ. ಮೇಜಿನ ಡ್ರಾಯರಿನಲ್ಲಿದ್ದ ಒಂದು ಫಿಲ್ಮ್ ರೋಲು.

ಗುಬ್ಬಿಯ ಫೋಟೋಗ್ರಾಫರ್ ಕಾಂತೇಶ್ ಡ್ರಾಯರನ್ನು ಪೂರ್ತಿ ಎಳೆದು ನೆಲದ ಮೇಲೆ ಬೋರಲು ಹಾಕಿದ್ದ. ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

"ಇಲ್ಲೇ ಇಟ್ಟಿದ್ದೆ ಮೇಡಂ. ದೇವ್ರಾಣೆಗೂ ಇಲ್ಲೇ. ಡಬ್ಬಿ ಮೇಲೆ ಕುಣಿಗಲ್ ಅಂತ ಚೀಟಿ ಬೇರೆ ಅಂಟಿಸಿದ್ದೆ."

"ಚೀಟಿ ಅಂಟಿಸಿ ಕಳ್ಳನಿಗೆ ದಾರಿ ತೋರಿಸಿದ್ದೀಯ" ಎಂದಳು ದಾಕ್ಷಾಯಣಿ. ತುಮಕೂರಿನ ಒಂದು ದಿನಪತ್ರಿಕೆಯ ವರದಿಗಾರ್ತಿ ಅವಳು. ಕಾಂತೇಶ್ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ ಕೂಡಲೇ ಸಿಕ್ಕಿದ ಬಸ್ಸು ಹತ್ತಿ ಬಂದಿದ್ದಳು.

ಆ ರೋಲಿನಲ್ಲಿ ಏನಿತ್ತು ಎಂಬುದನ್ನು ಮೊದಲು ಹೇಳಿಬಿಡಬೇಕು. ಅದು ೧೯೯೭. ಮಾರ್ಕೋನಹಳ್ಳಿ ನಾಲೆಯ ನೀರು ಕೊನೆಯ ಊರುಗಳಿಗೂ ಬರಲಿ ಎಂದು ಜನ ಕುಣಿಗಲ್ಲಿನಲ್ಲಿ ರಸ್ತೆ ತಡೆ ಮಾಡಿದ್ದರು. ಪೊಲೀಸರು ಲಾಠಿ ಬೀಸಿದರು. ರಸ್ತೆಬದಿಯಲ್ಲಿ ಎಳನೀರು ಮಾರುತ್ತ ಕೂತಿದ್ದ ರಂಗಯ್ಯ ಸತ್ತ. ಅವನು ಕಲ್ಲು ತೂರಿದ, ಓಡುವಾಗ ಮೋರಿಗೆ ಬಿದ್ದು ತಲೆ ಒಡೆದುಕೊಂಡ ಎಂದಿತು ಸರ್ಕಾರ. ನೋಡಿದವರು ಬೇಕಾದಷ್ಟು ಜನ ಇದ್ದರು. ಹೇಳುವವರು ಒಬ್ಬರೂ ಇರಲಿಲ್ಲ. ಮದುವೆಯೊಂದರ ಫೋಟೋ ತೆಗೆದು ಬಸ್ಸಿಗೆ ಕಾಯುತ್ತಿದ್ದ ಕಾಂತೇಶ್ ಮಾತ್ರ ಬೀಡಾ ಅಂಗಡಿಯ ಮರೆಯಿಂದ ಕ್ಲಿಕ್ಕಿಸಿದ್ದ. ಕೂತವನ ತಲೆಯ ಮೇಲೆ ಎದ್ದ ಲಾಠಿ. ಹಿಂದೆ ನಿಂತು ಬೆರಳು ತೋರಿಸಿ ಹೊಡೆಸುತ್ತಿದ್ದ ಪೊಲೀಸ್ ಅಧಿಕಾರಿ.

ಈ ಸಾವಿನ ಬಗ್ಗೆ ಸರ್ಕಾರ ಇಟ್ಟಿದ್ದ ವಿಚಾರಣೆ ಹತ್ತಿರ ಬಂದಿತ್ತು. ರೋಲು ಸಿಗದಿದ್ದರೆ ರಂಗಯ್ಯ ಸತ್ತ ಮೇಲೂ ಕಲ್ಲು ತೂರಿದವನೇ. ಅವನ ಹೆಂಡತಿ ಪುಟ್ಟಗಂಗಮ್ಮ ಕೇಳುತ್ತಿದ್ದದ್ದು ಒಂದೇ. ಆ ಹೆಸರು ಹೋಗಬೇಕು.

"ರೋಲು ಇರೋದು ಯಾರ್ಯಾರಿಗೆ ಗೊತ್ತಿತ್ತು?"

"ನಿಮ್ಗೆ ಹೇಳಿದ್ದೆ. ವಕೀಲರಿಗೆ ಹೇಳಿದ್ದೆ. ಆಮೇಲೆ…" ಕಾಂತೇಶ್ ತಲೆ ಕೆರೆದುಕೊಂಡ. "ಬಾಯಿ ತಡೀಲಿಲ್ಲ ಮೇಡಂ. ಹೋಟ್ಲಲ್ಲಿ ದೋಸೆ ತಿನ್ನೋವಾಗ ಒಂದ್ ಮಾತು ಅಂದ್ಬುಟ್ಟೆ."

"ಅಂದ್ರೆ ಗುಬ್ಬಿಗೆಲ್ಲ ಗೊತ್ತು."

"ಹಂಗೇನಿಲ್ಲ. ಪೇಟೆಗೆ ಮಾತ್ರ."

ದಾಕ್ಷಾಯಣಿಗೆ ನಗು ಬರಲಿಲ್ಲ. "ನಿನ್ನೆ ಯಾರ್ಯಾರು ಬಂದಿದ್ರು?"

"ಮಫ್ತೀಲಿ ಒಬ್ಬ ಪೊಲೀಸ್ನೋನು. ಪಾಸ್‌ಪೋರ್ಟ್ ಸೈಜ್ ತೆಗೆಸ್ದ. ಆಮೇಲೆ ಕೊಬ್ಬರಿ ಮಂಡಿ ಲಕ್ಷ್ಮೀಕಾಂತ್. ಆಳೋ ಪಾರ್ಟಿಯೋನಲ್ವಾ, 'ಏನ್ಲಾ, ಭಾರಿ ಫೋಟೋ ತೆಗ್ದಿದೀಯಂತೆ' ಅಂತ ಹೆದರ್ಸಕ್ಕೆ ಬಂದಿದ್ದ."

"ಅಂಗಡೀನ ಖಾಲಿ ಬಿಟ್ಟು ಎಲ್ಲಾದ್ರೂ ಹೋಗಿದ್ಯಾ?"

"ಒಂದ್ನಿಮಿಷಾನೂ ಇಲ್ಲ. ಕಾಫಿ ತರೋಕೆ ಹೋದಾಗ್ಲೂ ಒಳ್ಗೆ ನಮ್ಮೋರೇ ಇದ್ರು ಬುಡಿ." ಅಷ್ಟು ಹೇಳಿ ಅವನು ಹಣೆ ಚಚ್ಚಿಕೊಂಡ. "ಇನ್ನೊಂದೈತೆ ಮೇಡಂ. ನಾಚ್ಕೆಗೆ ಯಾರಿಗೂ ಹೇಳಿರ್ಲಿಲ್ಲ. ಆ ಮದುವೆ ಫೋಟೋಗಳೂ ಅದೇ ರೋಲಲ್ಲೇ ಇದ್ವು. ಗಿರಾಕಿ ರೋಲಲ್ಲಿ ಉಳಿದಿದ್ದ ಜಾಗದಲ್ಲೇ ಲಾಠಿ ಫೋಟೋ ಹೊಡ್ದುಬುಟ್ಟೆ. ಈಗ ಹೆಣ್ಣಿನವ್ರಿಗೆ ಏನ್ ಹೇಳ್ಲಿ? ತಾಳಿ ಕಟ್ಟೋದನ್ನ ಇನ್ನೊಂದ್ಸಲ ಕಟ್ಟಿ ಅನ್ನೋಕಾಗುತ್ತಾ?"

"ತೊಳೆಸಿಟ್ಟಿದ್ರೆ ಈ ಗತಿ ಬರ್ತಿರಲಿಲ್ಲ."

"ವಕೀಲರೇ ಬೇಡ ಅಂದ್ರು. ಲ್ಯಾಬಲ್ಲಿ ಕೈಬದಲಾಗುತ್ತೆ, ವಿಚಾರಣೆ ದಿನ ರೋಲನ್ನೇ ಸೀಲ್ ಮಾಡಿ ಅಧಿಕಾರಿ ಮುಂದೆ ಇಡೋಣ ಅಂದಿದ್ರು."

ವಕೀಲರು ಅಂದರೆ ರೇವಣಸಿದ್ದಯ್ಯ. ತುಮಕೂರಿನ ಜನಹಕ್ಕು ವೇದಿಕೆಯ ಅಧ್ಯಕ್ಷರು. ಹಿಂದಿನ ಸರ್ಕಾರದ ಕಾಲದಲ್ಲಿ ಜಿಲ್ಲೆಯಲ್ಲಿ ಎಲ್ಲಿ ಲಾಠಿ ಎದ್ದರೂ ಇವರು ಉಪವಾಸ ಕೂರುತ್ತಿದ್ದರು. ಪೆಟ್ಟು ತಿಂದವರ ಫೋಟೋ ದೊಡ್ಡದು ಮಾಡಿಸಿ ಪೆಂಡಾಲಿಗೆ ಕಟ್ಟುತ್ತಿದ್ದರು. ದಾಕ್ಷಾಯಣಿ ಬಿ.ಎ. ಓದುವಾಗ ಅವರ ಭಾಷಣ ಕೇಳಿಯೇ ಪತ್ರಿಕೆಗೆ ಸೇರಿದ್ದು. ಮನೆಯವರು ಬೇಡವೆಂದಾಗ ಅವಳಪ್ಪನ ಹತ್ತಿರ ಬಂದು ಮಾತಾಡಿದವರೂ ಅವರೇ. ಪುಟ್ಟಗಂಗಮ್ಮನ ಪರ ಈಗ ಅವರೇ ನಿಂತಿದ್ದರು.

ಬೂತಿಗೆ ಹೋಗಿ ದಾಕ್ಷಾಯಣಿ ಅವರಿಗೆ ಫೋನ್ ಮಾಡಿದಳು.

"ಪೊಲೀಸ್ನೋರದ್ದೇ ಕೆಲ್ಸ ತಾಯಿ. ಅವರನ್ನ ಬಿಡಬೇಡ" ಎಂದರು.

*

ಬಿಡಲಿಲ್ಲ. ಮಫ್ತಿ ಪೊಲೀಸಿನವನನ್ನು ಅವಳು ಮನೆಯಲ್ಲೇ ಹಿಡಿದಳು. ಅವನ ಮಗ್ಗುಲಲ್ಲೇ ಹೆಂಡತಿ ಬಂದು ನಿಂತಳು.

"ಬಡ್ತಿ ಅರ್ಜಿಗೆ ಅರ್ಜೆಂಟಾಗಿ ಫೋಟೋ ಬೇಕಿತ್ತು ಕಣ್ರೀ" ಎಂದ. "ಕೂತೆ, ತೆಗೆಸ್ದೆ, ಬಂದೆ. ಆ ಕಾಂತೇಶ ಕುರ್ಚಿಯಿಂದ ಏಳೋಕೂ ಬಿಡ್ಲಿಲ್ಲ. ಗಲ್ಲ ಎತ್ತಿ, ಗಲ್ಲ ಇಳಿಸಿ, ಉಸಿರು ಹಿಡೀರಿ. ಹೆಣ ತೆಗ್ದಂಗೆ ತೆಗ್ದವ್ನೆ, ಬೇಕಿದ್ರೆ ನೋಡಿ."

ಹೆಂಡತಿ ಫೋಟೋ ತಂದು ತೋರಿಸಿದಳು. ಹಾಗೆಯೇ ಇತ್ತು.

ಲಕ್ಷ್ಮೀಕಾಂತ್ ಮಂಡಿಯಲ್ಲಿ ಕೊಬ್ಬರಿ ರಾಶಿಯ ಮುಂದೆ ಕಾಲು ಚಾಚಿ ಕೂತಿದ್ದ. ಕರಟದೊಳಗೆ ಒಣಗಿದೆಯೇ ಎಂದು ಒಂದು ಕೊಬ್ಬರಿ ಗಿಟಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ.

"ಬನ್ನಿ ಬನ್ನಿ, ಪತ್ತೇದಾರಮ್ಮ. ಕಳ್ಳ ನಾನೇ ಅಂತ ತೀರ್ಮಾನ ಆಯ್ತಾ?"

"ನೀವು ಹೆದರಿಸಿದ್ದು ನಿಜ ತಾನೇ?"

"ಹೆದರಿಸ್ದೆ. ನಮ್ಮ ಸರ್ಕಾರ, ನಮ್ಮ ಮರ್ಯಾದೆ. ಆದ್ರೆ ಕದಿಯೋದ್ಯಾಕ್ರೀ? ಆ ರೋಲು ಹಾಳು ಮಾಡ್ಬೇಕು ಅಂದಿದ್ರೆ ಅಲ್ಲೇ ಡಬ್ಬಿಯಿಂದ ಎಳೆದು ಬಿಸಿಲಿಗೆ ಹಿಡೀತಿದ್ದೆ. ಕಾಂತೇಶನ ಕಣ್ಣ ಮುಂದೇನೇ. ಜೇಬಲ್ಲಿಟ್ಕೊಂಡು ಬಂದು ನಾನೇನ್ ಅದನ್ನ ಪೂಜೆ ಮಾಡ್ಲಾ?"

ಮಂಡಿಯವರೆಲ್ಲ ನಕ್ಕರು. ದಾಕ್ಷಾಯಣಿ ನಗದೆ ಅವನನ್ನೇ ನೋಡಿದಳು. ಮನುಷ್ಯ ಒರಟ. ಆದರೆ ಮಾತು ಸರಿ. ತೊಳೆಯದ ಫಿಲ್ಮಿಗೆ ಬೆಳಕು ತಗುಲಿದರೆ ಕಥೆ ಮುಗಿಯಿತು. ಪೊಲೀಸರಿಗಾಗಲಿ ಆಳುವ ಪಕ್ಷದವರಿಗಾಗಲಿ ಬೇಕಿದ್ದದ್ದು ಅದೇ. ಕದ್ದವನು ಹಾಗೆ ಮಾಡಲಿಲ್ಲ. ಡಬ್ಬಿ ಮುಚ್ಚಿದಂತೆಯೇ ಎತ್ತಿಕೊಂಡು ಹೋದ.

ಆ ಫೋಟೋ ಅವನಿಗೆ ಬೇಕಾಗಿತ್ತು.

ಲಾಠಿಯ ಫೋಟೋ ಬೇಕಾದವರು ಯಾರು? ಆ ಪ್ರಶ್ನೆಗೆ ಉತ್ತರ ಹೊಳೆಯದೆ ಅವಳು ತುಮಕೂರಿಗೆ ವಾಪಸಾದಳು.

*

ಒಂದು ವಾರ ಕಳೆಯಿತು. ಕಾಂತೇಶ್ ಮತ್ತೆ ಫೋನ್ ಮಾಡಿದ. ಈ ಸಲ ದನಿಯಲ್ಲಿ ಕುಣಿತ.

"ಮೇಡಂ, ಮದುವೆ ಬಂತು!"

"ಯಾರ ಮದುವೆ?"

"ಅದೇ ಕುಣಿಗಲ್ದು! ಪೋಸ್ಟಲ್ಲಿ ಬಂತು. ಎಲ್ಲಾ ಪ್ರಿಂಟ್ ಹಾಕ್ಸಿ, ಹಾಳೆ ಸುತ್ತಿ ಕಳ್ಸವ್ರೆ. ಹೆಸ್ರಿಲ್ಲ, ಏನಿಲ್ಲ. ಕಳ್ಳ ಆದ್ರೂ ಒಳ್ಳೇವ್ನು ಕಣ್ರೀ."

ದಾಕ್ಷಾಯಣಿ ಗುಬ್ಬಿಗೆ ಓಡಿದಳು. ಧಾರೆ, ಅರುಂಧತಿ ನಕ್ಷತ್ರ, ಊಟದ ಪಂಕ್ತಿ. ಎಲ್ಲದರ ಮೇಲೆ ಮಾಂಗಲ್ಯಧಾರಣೆಯ ಚಿತ್ರ. ಅದಕ್ಕೊಂದು ಬೇರೆ ತೆಳು ಕಾಗದ ಸುತ್ತಿತ್ತು. ಲಾಠಿಯ ಚಿತ್ರ ಮಾತ್ರ ಒಂದೂ ಇಲ್ಲ. ನೆಗೆಟಿವೂ ಇಲ್ಲ.

ಅವಳಿಗೆ ಅರ್ಥವಾಯಿತು. ರೋಲಿನಲ್ಲಿ ಮದುವೆ ಇದೆಯೆಂದು ಕಳ್ಳನಿಗೆ ಗೊತ್ತಿರಲಿಲ್ಲ. ತೊಳೆಸಿದ ಮೇಲೆ ಕೈಗೆ ಬಂತು. ಏನು ಮಾಡುವುದು? ಹರಿಯುವುದೇ, ಸುಡುವುದೇ? ನಮ್ಮ ಕಡೆ ಯಾರ ಕೈ ಬಂದೀತು ತಾಳಿ ಕಟ್ಟುವ ಫೋಟೋಗೆ ಬೆಂಕಿ ಇಡಲು? ಯಾರ ಮನೆಯ ಹೆಣ್ಣೋ, ಯಾಕೆ ಆ ಪಾಪ ಎಂದು ಅಂಚೆಗೆ ಹಾಕಿದ್ದಾನೆ.

ಫೋಟೋ ತಿರುಗಿಸಿದಳು. ಬೆನ್ನ ಮೇಲೆ ಮಸುಕಾಗಿ ಲ್ಯಾಬಿನ ಹೆಸರಿತ್ತು. ತುಮಕೂರಿನ ಬಿ.ಎಚ್. ರಸ್ತೆಯದು.

*

ಲ್ಯಾಬಿನ ಕೌಂಟರಿನಲ್ಲಿದ್ದ ತ್ರಿವೇಣಿ ಮಾಂಗಲ್ಯದ ಚಿತ್ರ ನೋಡಿದವಳೇ ಕಿಸಕ್ಕನೆ ನಕ್ಕಳು.

"ಅಯ್ಯೋ, ಇದನ್ನ ಮರೆಯೋಕಾಗುತ್ತಾ? ತಾಳಿ ಕಟ್ಟಿದ್ರು, ಊಟ ಮಾಡಿದ್ರು, ಆಮೇಲೆ ನೋಡಿದ್ರೆ ಲಾಠಿ! ಬೀಗರೂಟದಲ್ಲಿ ಪಾಯ್ಸ ಸಾಲದೆ ಗಲಾಟೆ ಆಯ್ತಾ ಸಾರ್ ಅಂತ ನಾನೇ ಕೇಳ್ದೆ."

"ಏನಂದ್ರು?"

"ನಗ್ಲಿಲ್ಲ ಕಣ್ರೀ. ಮುಖ ಒಂಥರಾ ಆಯ್ತು. ಬೇಗ ಕವರಿಗೆ ಹಾಕಮ್ಮ ಅಂದ್ರು."

"ಯಾರು ಅವರು?"

"ಗೊತ್ತಿಲ್ವಾ? ನಿಮ್ಮ ಪೇಪರ್ನಲ್ಲೇ ಬರ್ತಿರ್ತಾರಲ್ಲ. ಲಾಯರ್ರು, ರೇವಣಸಿದ್ದಯ್ಯ. ನನಗೇನೂ ಅನ್ನಿಸ್ಲಿಲ್ಲ ನೋಡಿ. ಪೆಟ್ಟು ತಿಂದೋರ ಫೋಟೋನ ಅವರಲ್ದೆ ಇನ್ಯಾರು ತೊಳೆಸ್ತಾರೆ?"

ದಾಕ್ಷಾಯಣಿ ಕೌಂಟರಿನ ಗಾಜಿನ ಮೇಲೆ ಎರಡೂ ಕೈ ಊರಿ ನಿಂತಳು. ತ್ರಿವೇಣಿ ಕುಡಿಯಲು ನೀರು ತಂದುಕೊಟ್ಟಳು.

ಅಲ್ಲಿಂದಲೇ ಗುಬ್ಬಿಯ ಬೂತಿಗೆ ಫೋನ್ ಮಾಡಿ ಕಾಂತೇಶನನ್ನು ಕರೆಸಿದಳು.

"ನೀನು ಕಾಫಿ ತರೋಕೆ ಹೋದಾಗ ಒಳಗಿದ್ದದ್ದು ಯಾರು?"

"ನಮ್ ಲಾಯರ್ ಸಾರು. ಅಷ್ಟು ದೊಡ್ಡೋರು ಅಂಗಡಿಗೆ ಬಂದವ್ರೆ, ಕಾಫಿನೂ ಕೊಡ್ದೆ ಕಳ್ಸಕ್ಕಾಗುತ್ತಾ? ನಾನೇ ಓಡ್ದೆ. ಯಾಕ್ ಮೇಡಂ?" ಆಮೇಲೆ ಅವನೇ, "ಥೂ, ಇರಾಕಿಲ್ಲ ಬುಡಿ" ಎಂದ.

*

ವಿಚಾರಣೆಯ ದಿನ ಬೆಳಿಗ್ಗೆ ರೇವಣಸಿದ್ದಯ್ಯ ತಮ್ಮ ಆಫೀಸಿನಲ್ಲಿ ಪುಟ್ಟಗಂಗಮ್ಮನಿಗೆ ಹೇಳಿಕೆ ಬಾಯಿಪಾಠ ಮಾಡಿಸುತ್ತಿದ್ದರು.

"ನಾನು ಕಣ್ಣಾರೆ ಕಂಡಿಲ್ಲ ಸ್ವಾಮಿ, ಸರ್ಕಾರ ಕೈ ಹಿಡೀಬೇಕು ಅನ್ನು. ಅಷ್ಟೇ. ನಿನ್ನ ಮಗಳಿಗೊಂದು ಕೆಲಸ ಕೊಡಿಸ್ತೀನಿ."

ದಾಕ್ಷಾಯಣಿ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಕಾಂತೇಶ್ ಮತ್ತು ತ್ರಿವೇಣಿ. ಅವಳು ಮಾಂಗಲ್ಯದ ಚಿತ್ರವನ್ನು ಮೇಜಿನ ಮೇಲಿಟ್ಟಳು.

ವಕೀಲರು ನೋಡಿದರು. ಕನ್ನಡಕ ತೆಗೆದರು.

"ಕದ್ದವರು ಪೊಲೀಸರಲ್ಲ ಸಾರ್" ಎಂದಳು. "ಅವರಾಗಿದ್ರೆ ರೋಲನ್ನ ಬೆಳಕಿಗೆ ಹಿಡೀತಿದ್ರು. ತೊಳೆಸಬೇಡ ಅಂತ ಕಾಂತೇಶನಿಗೆ ಹೇಳಿದ್ದು ನೀವು. ಅವನು ಕಾಫಿಗೆ ಓಡಿದಾಗ ಡ್ರಾಯರಿನ ಮುಂದೆ ಇದ್ದದ್ದು ನೀವು. ಕೇಳಿ ಇಸ್ಕೊಂಡಿದ್ರೆ ಇವತ್ತು ಲೆಕ್ಕ ಹೇಳಬೇಕಿತ್ತು. ಕಳುವಾದ್ರೆ ಬೈಗುಳ ಪೊಲೀಸರಿಗೆ. ಎಲ್ಲಾ ಸರಿಯಾಗೇ ಯೋಚಿಸಿದ್ರಿ. ಮದುವೆ ಒಂದು ಅಡ್ಡ ಬಂತು. ತಾಳಿ ಕಟ್ಟೋ ಫೋಟೋ ಸುಡೋಕೆ ಕೈ ಬರದೆ ಕಾಗದ ಸುತ್ತಿ ಅಂಚೆಗೆ ಹಾಕಿದ್ರಿ."

ಪುಟ್ಟಗಂಗಮ್ಮ ಒಬ್ಬೊಬ್ಬರ ಮುಖ ನೋಡಿದಳು. "ಏನವ್ವಾ ಇದು? ಫೋಟ ಇವ್ರತಾವೇ ಐತಾ?"

"ಹಾಳು ಮಾಡಿಲ್ಲ" ಎಂದರು ರೇವಣಸಿದ್ದಯ್ಯ. ಅವರ ದನಿ ಏರಲಿಲ್ಲ. "ಬೀರುನಲ್ಲಿ ಭದ್ರವಾಗಿದೆ. ನೋಡು ದಾಕ್ಷಾಯಣಿ, ಎಷ್ಟೋ ವರ್ಷ ಬೀದೀಲಿ ಕೂತು ತಂದ ಸರ್ಕಾರ ಇದು. ನಮ್ಮವರು. ಆ ಅಧಿಕಾರಿಗೆ ಆರ್ಡರ್ ಕೊಟ್ಟೋನೂ ನಮ್ಮ ಮಂತ್ರಿ. ನಮ್ಮ ಮನೆಗೆ ನಾವೇ ಕಲ್ಲು ಹೊಡ್ಕೊಳ್ಳೋದಾ? ಸರ್ಕಾರ ಬದಲಾಗ್ಲಿ. ಆಗ ನಾನೇ ಹೊರಗೆ ತೆಗೀತೀನಿ."

"ಅಲ್ಲೀವರೆಗೂ ಮಂತ್ರಿಯೂ ನೀವು ಹೇಳಿದಂತೆ ಕೇಳ್ತಾರೆ. ನಿಮಗೆ ನಿಗಮದ ಅಧ್ಯಕ್ಷಗಿರಿ ಅಂತ ಪೇಟೆಯಲ್ಲಿ ಸುದ್ದಿ ಇದೆ."

ಅವರು ಕನ್ನಡಕ ಒರೆಸತೊಡಗಿದರು.

"ಹಿಂದಿನ ಸರ್ಕಾರದ ಲಾಠಿ ಲಾಠಿ, ಈ ಸರ್ಕಾರದ್ದು ಹೂವಿನ ಹಾರವಾ ಸಾರ್? ನಮ್ಮಪ್ಪನ ಮುಂದೆ ಕೂತು ನನ್ನ ಪರ ಮಾತಾಡಿದ್ರಲ್ಲ, ನಿಮ್ಮ ಮಗಳು ಸತ್ಯ ಬರೀತಾಳೆ, ಕಳಿಸಿಕೊಡಿ ಅಂತ. ಆವತ್ತು ಹೇಳಿಬಿಡಬೇಕಿತ್ತು, ಬೇರೆಯವರ ಸತ್ಯ ಮಾತ್ರ ಅಂತ."

"ದಾಕ್ಷಾಯಣಿ, ನೀನಿನ್ನೂ ಚಿಕ್ಕವಳು—"

ಪುಟ್ಟಗಂಗಮ್ಮ ಕೈ ಚಾಚಿ ಮೇಜಿನ ಮೇಲಿನ ಫೋಟೋ ಎತ್ತಿಕೊಂಡಳು. ತಲೆ ಬಗ್ಗಿಸಿ ಕೂತ ಮದುವಣಗಿತ್ತಿಯನ್ನು ನೋಡಿದಳು.

"ಸ್ವಾಮಿ" ಎಂದಳು. "ಗುರ್ತು ಪರಿಚಯ ಇಲ್ದಿರೋ ಹೆಣ್ಣಿನ ತಾಳಿಗೆ ಹೆದರ್ಕಂಡು ಕಾಗ್ದ ಸುತ್ತಿ ಕಳ್ಸಿದ್ರಿ. ನಿಮ್ಮೆದ್ರುಗೇ ಕುಂತಿದ್ನಲ್ಲ ನಾನು. ನನ್ ತಾಳಿ ಕಿತ್ತೋರ್ನ ಬೀರುನಾಗಿಟ್ಟು ಬೀಗ ಹಾಕ್ಕಂಡ್ರಾ?"

ರೇವಣಸಿದ್ದಯ್ಯ ಗೋಡೆಯ ಗಡಿಯಾರ ನೋಡಿದರು. "ಹೊತ್ತಾಯ್ತು. ಹೊರಡೋಣ" ಎಂದರು. ಬೀರುವಿನ ಕಡೆ ಮಾತ್ರ ಹೋಗಲಿಲ್ಲ.

*

ಸಭಾಂಗಣ ತುಂಬಿತ್ತು. ಪತ್ರಿಕೆಯವರು, ಪೊಲೀಸರು, ಕುಣಿಗಲ್ಲಿನಿಂದ ಲಾರಿ ಹತ್ತಿ ಬಂದ ಜನ. ರೇವಣಸಿದ್ದಯ್ಯ ಕರಿ ಕೋಟು ತೊಟ್ಟು ಎಂದಿನಂತೆ ಮುಂದಿನ ಸಾಲಿನಲ್ಲಿ ನಿಂತರು. ಕೆಲವರು ಎದ್ದು ಕೈಮುಗಿದರು.

"ಪುಟ್ಟಗಂಗಮ್ಮ" ಎಂದು ಕೂಗಿದರು ವಿಚಾರಣಾಧಿಕಾರಿ. "ನಿಮ್ಮ ಪರ ವಕೀಲರು ಇವರೇ ತಾನೇ?"

ಪುಟ್ಟಗಂಗಮ್ಮ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಆಗಿದ್ರು ಸ್ವಾಮಿ. ಈಗಲ್ಲ. ಈಗ ಇವ್ರು ನನ್ ಸಾಕ್ಷಿ. ನನ್ ಗಂಡನ್ನ ಹೊಡ್ದಿರೋ ಫೋಟ ಇವ್ರ ಬೀರುನಾಗೈತೆ. ತೊಳ್ದಿರೋ ಹುಡ್ಗಿ ಅಗೋ ಅಲ್ಲವಳೆ ಕುಂತವ್ಳೆ, ಫೋಟ ತೆಗ್ದಿರೋನೂ ಅಲ್ಲೇ ಅವ್ನೆ. ಕೇಳಿ."

ಸಭಾಂಗಣ ಗುಜುಗುಜು ಎಂದಿತು. ಕಾಂತೇಶ್ ಎದ್ದು ನಿಂತ. ತ್ರಿವೇಣಿಯೂ ಎದ್ದಳು.

"ನಿಜವೇನ್ರೀ?" ಎಂದರು ಅಧಿಕಾರಿ.

ಮೈಕಿಲ್ಲದೆ ಮೈದಾನಕ್ಕೆ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ. ಈಗ ದಾಕ್ಷಾಯಣಿಯತ್ತ ತಿರುಗಿದರು. ಅವಳು ತಲೆ ಎತ್ತಲಿಲ್ಲ, ಬರೆಯುತ್ತಿದ್ದಳು. ಕಣ್ಣು ಒದ್ದೆಯಾಗಿ ಅಕ್ಷರ ಕಲಸಿಹೋಗುತ್ತಿದ್ದರೂ ಬರೆಯುತ್ತಿದ್ದಳು.

ರೇವಣಸಿದ್ದಯ್ಯ ಕೋಟಿನ ಒಳಜೇಬಿಗೆ ಕೈ ಹಾಕಿ ಬೀರುವಿನ ಬೀಗದ ಕೈ ತೆಗೆದರು. ಅಧಿಕಾರಿಯ ಮೇಜಿನ ಮೇಲಿಟ್ಟರು. ಜವಾನನೊಬ್ಬ ಅದನ್ನು ತೆಗೆದುಕೊಂಡು ಪೊಲೀಸರ ಜೊತೆ ಹೊರಟ.

"ನಿಲ್ಲಪ್ಪ" ಎಂದಳು ಪುಟ್ಟಗಂಗಮ್ಮ. "ಅವ್ರ ಜೊತೆ ನಾನೂ ಬತ್ತೀನಿ. ಇನ್ನು ಯಾರ್ನೂ ನಂಬಾಕಿಲ್ಲ."